ತೂಕದ ಚೀಟಿಯ ನಂಬರು

ಗಂಗಾವತಿ, 9 ಫೆಬ್ರವರಿ 2026, ಸೋಮವಾರ

ಮಿಲ್ಲು ಅರ್ಧ ದಿನವೂ ಓಡುತ್ತಿಲ್ಲ. ತುಂಗಭದ್ರಾ ಅಣೆಕಟ್ಟೆಯ ಗೇಟು ಬದಲಿಸುವ ಕೆಲಸದಿಂದ ಎರಡನೇ ಬೆಳೆಗೆ ನೀರಿಲ್ಲ, ಬೇಸಿಗೆ ಭತ್ತ ಬರುವ ಮಾತೇ ಇಲ್ಲ. ಅಪ್ಪನಿಗೆ ಅದೇ ಚಿಂತೆ. ಆಫೀಸಿನ ಅಟ್ಟ ಖಾಲಿ ಮಾಡಲು ನನಗೆ ಇಷ್ಟು ಬಿಡುವು ಮತ್ತೆಂದು ಸಿಗುತ್ತದೋ.

ಅಟ್ಟದ ತುಂಬ ಚೀಲಗಳು. ಭತ್ತ ತುಂಬುವ ಚೀಲಕ್ಕೇ ಕಾಗದ ತುಂಬಿ, ಬಾಯಿ ಹೊಲಿದು, ಮೇಲೆ ವರ್ಷ ಬರೆದಿದ್ದಾರೆ. ಒಂದನ್ನು ಬಿಚ್ಚಿದೆ. ಗೇಟ್ ಪಾಸು, ಲಾರಿ ಬಾಡಿಗೆ ರಸೀದಿ, ಹಮಾಲರ ಕೂಲಿ ಚೀಟಿ, ಕರೆಂಟ್ ಬಿಲ್ಲು, ಬ್ಯಾಂಕ್ ಚಲನ್, ಎಲ್ಲ ಬಂದ ದಿನದ ಕ್ರಮದಲ್ಲೇ ತಂತಿಗೆ ಚುಚ್ಚಿದ್ದಾರೆ. ಅಶಿಸ್ತು ಎನ್ನಲು ಬಾಯಿ ಬರುವುದಿಲ್ಲ. ಆದರೆ ಬಂದ ದಿನ ಹಿಡಿದು ಕಾಗದ ಕೇಳುವವರು ಯಾರಿದ್ದಾರೆ? ರೈತ ತನ್ನ ಲಾರಿಯ ತೂಕ ಕೇಳುತ್ತಾನೆ, ತೆರಿಗೆಯವರು ಬಿಲ್ ನಂಬರು ಕೇಳುತ್ತಾರೆ, ಬ್ಯಾಂಕಿನವರಿಗೆ ತಿಂಗಳ ಕೊನೆಯ ದಾಸ್ತಾನು ಬೇಕು. ಈ ಮೂರಕ್ಕೂ ನಮ್ಮಲ್ಲಿ ದಾರಿ ಒಂದೇ, ಗುಮಾಸ್ತರ ನೆನಪು. “ಯಾವ ಊರು, ಯಾರ ಲಾರಿ ಹೇಳ್ರಿ ಅಕ್ಕಾವ್ರ, ತಗದ್ ಕೊಡ್ತೀನಿ” ಅನ್ನುತ್ತಾರೆ. ಕೊಡುತ್ತಾರೆ ಕೂಡ. ಅವರು ರಜೆ ಹಾಕಿದ ದಿನ ಮಿಲ್ಲಿಗೆ ಹಿಂದಿನದೇನೂ ಗೊತ್ತಿರುವುದಿಲ್ಲ.

11 ಫೆಬ್ರವರಿ, ಬುಧವಾರ

ಇವತ್ತು ವೇಬ್ರಿಜ್ಜಿನ ಚೀಟಿಗಳು. ಹಳೆಯ ಪ್ರಿಂಟರಿನವು, ರಿಬ್ಬನ್ ಮಸಿಯವು, ಈಗಲೂ ಓದಬಹುದು. ಆಮೇಲೆ ಕೊಂಡ ಥರ್ಮಲ್ ಪ್ರಿಂಟರಿನವು ಬಿಳಿಚಿಕೊಂಡಿವೆ. ಒಂದರಲ್ಲಿ ‘ಕೆಎ 37’ ಮಾತ್ರ ಮಸುಕಾಗಿ ಉಳಿದಿದೆ. ಒಟ್ಟು ತೂಕ, ಖಾಲಿ ಲಾರಿಯ ತೂಕ ಎರಡೂ ಹೋಗಿವೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನ ಮಾಡಿದವೇ ಹೆಚ್ಚು ಹಾಳಾಗಿವೆ. ಆ ಕವರಿನ ರಾಸಾಯನಿಕಕ್ಕೆ ಥರ್ಮಲ್ ಅಚ್ಚು ಮಾಸುತ್ತದಂತೆ. ಇನ್ನು ಮೇಲೆ ಲಾರಿ ಗೇಟು ದಾಟುವ ಮುಂಚೆಯೇ ಚೀಟಿ ಸ್ಕ್ಯಾನ್ ಆಗಬೇಕು. ಫೈಲಿನ ಹೆಸರಲ್ಲಿ ವರ್ಷ ಮೊದಲು, ತಿಂಗಳು, ದಿನ, ಆಮೇಲೆ ತೂಕದ ನಂಬರು. ದಿನ ಮೊದಲು ಬರೆದರೆ ಕಂಪ್ಯೂಟರ್ ಎಲ್ಲ ತಿಂಗಳ ಒಂದನೇ ತಾರೀಖನ್ನೂ ಒಟ್ಟಿಗೆ ಗುಡ್ಡೆ ಹಾಕುತ್ತದೆ.

13 ಫೆಬ್ರವರಿ, ಶುಕ್ರವಾರ

ಏನು ಬಿಸಾಡಬಹುದು ಅಂತ ಆಡಿಟರಿಗೆ ಫೋನ್ ಮಾಡಿದೆ. ಜಿಎಸ್‌ಟಿ ಲೆಕ್ಕದ ದಾಖಲೆಯನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. 2017-18ರ ಗಡುವು ಮುಂದಕ್ಕೆ ಹೋಗುತ್ತ ಹೋಗುತ್ತ 2020ರ ಫೆಬ್ರವರಿಗೆ ನಿಂತಿತ್ತು, ಅಂದರೆ ಆ ವರ್ಷದ್ದು ಈ ತಿಂಗಳು ಮುಗಿಯಿತು. ಮೇಲ್ಮನವಿ ನಡೆದಿದ್ದರೆ ಮಾತ್ರ ಅದು ಇತ್ಯರ್ಥವಾಗಿ ಇನ್ನೊಂದು ವರ್ಷ ಕಳೆಯುವವರೆಗೆ ಮುಟ್ಟುವಂತಿಲ್ಲ. ಪಾಲುದಾರಿಕೆ ಪತ್ರ, ಜಾಗದ ಕೃಷಿಯೇತರ ಬಳಕೆಯ ಎನ್‌ಎ ಆದೇಶ ಇವಕ್ಕೆ ವಯಸ್ಸೇ ಇಲ್ಲ.

ರದ್ದಿಗೆ ಹಾಕಿದ್ದರಲ್ಲಿ ಪ್ಯಾಕಿಂಗ್ ರಿಜಿಸ್ಟರ್ ಕಂಡು ಎತ್ತಿಟ್ಟುಕೊಂಡೆ. 2022ರ ಜುಲೈ 18ರಿಂದ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿ ಪ್ಯಾಕೆಟ್ಟಿಗೆ ಶೇ 5 ತೆರಿಗೆ ಬಿತ್ತು, ಮಿಲ್ಲುಗಳು 26 ಕೆಜಿ ಚೀಲಕ್ಕೆ ಹೊರಳಿದವು. ಯಾವ ದಿನ ಯಾವ ಚೀಲ ಹೊಲಿದೆವು ಎಂಬುದಕ್ಕೆ ಹಮಾಲರ ಮೇಸ್ತ್ರಿ ಬರೆದ ಈ ಎಣ್ಣೆ ಜಿಡ್ಡಿನ ಪುಸ್ತಕವೊಂದೇ ಆಧಾರ.

17 ಫೆಬ್ರವರಿ, ಮಂಗಳವಾರ

ಕಾರಟಗಿ ಕಡೆಯ ರೈತರೊಬ್ಬರು ಬಂದರು. ಹಿಂದಿನ ಸುಗ್ಗಿಯಲ್ಲಿ ತೇವಾಂಶದ ಹೆಸರಲ್ಲಿ ಜಾಸ್ತಿ ಮುರಿದುಕೊಂಡಿದ್ದೀರಿ ಎಂದು ತಕರಾರು. ತೂಕದ ಚೀಟಿ ಒಂದು ಕಡೆ, ತೇವಾಂಶ ಬರೆದ ನೋಟ್‌ಬುಕ್ಕು ಇನ್ನೊಂದು ಕಡೆ, 75 ಕೆಜಿ ಚೀಲದ ಲೆಕ್ಕದಲ್ಲಿ ಹಣ ಕೊಟ್ಟ ಬಿಲ್ಲು ಮತ್ತೊಂದು ಕಡೆ. ಹೊಂದಿಸುವಷ್ಟರಲ್ಲಿ ಮಧ್ಯಾಹ್ನ. ಬಿಲ್ಲು ಸರಿಯಿತ್ತು. ಅವರು ಚಹಾ ಕುಡಿದು ಎದ್ದರು, ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ಅಷ್ಟು ಹೊತ್ತು ಹುಡುಕಿದರೆ ನಾನೂ ನಂಬುತ್ತಿರಲಿಲ್ಲ. ತೂಕದ ನಂಬರೇ ಈ ಮೂರರ ಮೇಲೂ ಇದ್ದಿದ್ದರೆ ಚಹಾ ಬರುವುದರೊಳಗೆ ಮಾತು ಮುಗಿಯುತ್ತಿತ್ತು.

20 ಫೆಬ್ರವರಿ, ಶುಕ್ರವಾರ

ಗುಮಾಸ್ತರು ಕಿರ್ದಿಯಲ್ಲಿ ತಪ್ಪಾದರೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಕೆಳಗೆ ಸರಿಯಾದದ್ದು ಬರೆಯುತ್ತಾರೆ. ಜಿಎಸ್‌ಟಿ ನಿಯಮವೂ ಅದನ್ನೇ ಹೇಳುತ್ತದೆ. ಕಂಪ್ಯೂಟರಿನಲ್ಲಾದರೆ ತಿದ್ದಿದ್ದು ಅಳಿಸಿದ್ದು ಎಲ್ಲದರ ಲಾಗ್ ಇರಬೇಕು. ಅದೇ ಮನುಷ್ಯ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ವೋಚರನ್ನು ಒಂದೇ ಏಟಿಗೆ ಅಳಿಸಿಬಿಡುತ್ತಾರೆ! ಎಡಿಟ್ ಲಾಗ್ ಇರುವ ಆವೃತ್ತಿ ಹಾಕಿಸೋಣ ಅಂದೆ. ಕಂಪನಿಗಳಿಗೆ 2023ರ ಏಪ್ರಿಲ್‌ನಿಂದಲೇ ಅದು ಕಡ್ಡಾಯ, ನಮ್ಮದು ಪಾಲುದಾರಿಕೆ ಸಂಸ್ಥೆ ಎಂದು ಅಪ್ಪನ ವಾದ. ತಿದ್ದಿದ್ದೆಲ್ಲ ಕಂಡರೆ ಆಡಿಟರು ದಿನಾ ಪ್ರಶ್ನೆ ಕೇಳುತ್ತಾರಂತೆ. ಕೇಳಲಿ ಬಿಡಿ ಅಂದೆ. ಹಾಕಿಸಿದ್ದಾಯಿತು.

ತೂಕದ ನಂಬರಿಗೆ ಕಾಲಂ ಇರುವ ಹೊಸ ಬಿಲ್ ಬುಕ್ಕಿಗೆ ಪ್ರೆಸ್ಸಿನವರಿಗೆ ಹೇಳಿದ್ದೇನೆ. ಹಳೆಯವು ಎರಡು ಕಟ್ಟು ಉಳಿದಿವೆ, ಅವು ಮುಗಿಯುವವರೆಗೆ ನಂಬರನ್ನು ಮೂಲೆಯಲ್ಲಿ ಕೈಯಲ್ಲೇ ಬರೆಯಿರಿ, ಕಾಗದವೇನು ಪುಕ್ಕಟೆ ಬರುತ್ತದೆಯೇ ಎಂದು ಅಪ್ಪ.