ಸರ್ವರ್ ತಲೆ ಎತ್ತುತ್ತಿಲ್ಲ

ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಕ್ಲೈಂಟ್ ಕಾಲ್‌ನಲ್ಲಿ ಹನ್ನೆರಡು ಜನ. ರಾತ್ರಿ ಅಪ್‌ಡೇಟ್ ಹಾಕಿದ ಮೇಲೆ ಒಂದು ಸರ್ವರ್ ಮತ್ತೆ ಶುರುವಾಗುತ್ತಲೇ ಇರಲಿಲ್ಲ. ಅದನ್ನು ಹೇಳುವ ಸರದಿ ನನ್ನದು. ನಾನು ಹತ್ತನೇ ಕ್ಲಾಸಿನವರೆಗೆ ಸಾಗರದ ಹತ್ತಿರದ ಹಳ್ಳಿಯಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವನು. ತಲೆಯೊಳಗೆ ಮೊದಲು ಕನ್ನಡ ವಾಕ್ಯ ತಯಾರಾಗುತ್ತೆ, ಆಮೇಲೆ ಅದರ ಇಂಗ್ಲಿಷ್. ಅವತ್ತು ಒಳಗೆ ತಯಾರಾದದ್ದು "ಸರ್ವರ್ ತಲೆ ಎತ್ತುತ್ತಿಲ್ಲ". ಹೊರಗೆ ಬಂದದ್ದು "ಸರ್ವರ್ ಈಸ್ ನಾಟ್ ಲಿಫ್ಟಿಂಗ್ ಇಟ್ಸ್ ಹೆಡ್".

ಕ್ಲೈಂಟ್ ನಗಲಿಲ್ಲ. ನಕ್ಕಿದ್ದು ನಮ್ಮವರೇ. ಸಂಜೆಯೊಳಗೆ ಆ ವಾಕ್ಯ ಟೀಮ್ ಗ್ರೂಪಿನಲ್ಲಿ ಸ್ಟಿಕ್ಕರ್ ಆಗಿತ್ತು. ನಾನೂ ಒಂದು ನಗುವ ಇಮೋಜಿ ಹಾಕಿದೆ. ಆಮೇಲೆ ಸುಮಾರು ಒಂದು ವರ್ಷ ಕಾಲ್‌ಗಳಲ್ಲಿ ಮ್ಯೂಟ್ ತೆಗೆಯಲೇ ಇಲ್ಲ. ಹೇಳುವುದಿದ್ದರೆ ಚಾಟ್‌ನಲ್ಲಿ ಟೈಪ್ ಮಾಡುತ್ತಿದ್ದೆ, ಅದನ್ನೂ ಮೂರು ಸಲ ಓದಿ.

ಆ ವರ್ಷ ಆಫೀಸಿಗೆ ಹೋಗುವ ಬಸ್ಸಿನಲ್ಲಿ ನನ್ನ ಜೊತೆಗಿದ್ದದ್ದು ಥ್ರ್ಯಾಶ್ ಮೆಟಲ್. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಚಟ. ಮೆಟಾಲಿಕಾ, ಸ್ಲೇಯರ್, ಮೆಗಾಡೆತ್. ಗಿಟಾರ್ ಮೆಷಿನ್‌ಗನ್ ಥರ ಓಡುತ್ತೆ, ಡ್ರಮ್ಸ್ ಅದನ್ನು ಅಟ್ಟಿಸಿಕೊಂಡು ಹೋಗುತ್ತೆ, ಮೇಲೆ ಒಬ್ಬ ಕಿರುಚುತ್ತಿರುತ್ತಾನೆ. ಸ್ಲೇಯರ್‌ನ 1986ರ 'ರೇನ್ ಇನ್ ಬ್ಲಡ್' ಆಲ್ಬಮ್‌ನಲ್ಲಿ ಹತ್ತು ಹಾಡು, ಒಟ್ಟು 29 ನಿಮಿಷ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ಇಡೀ ಆಲ್ಬಮ್ ಮುಗಿದಿರುತ್ತಿತ್ತು.

ಈ ಹಾಡುಗಳ ಸಾಹಿತ್ಯ ಎಷ್ಟೋ ಸಲ ನಗು ಬರಿಸುವಂಥದ್ದು. ಹಾಸ್ಟೆಲ್‌ನಲ್ಲಿ ನಾವು ಕೆಟ್ಟ ಸಾಲು ಹುಡುಕುವ ಆಟವನ್ನೇ ಆಡುತ್ತಿದ್ದೆವು. ಇದಕ್ಕೆ ಒಂದು ಕಾರಣವೂ ಇದೆ. ಇಲ್ಲಿ ಸಾಮಾನ್ಯವಾಗಿ ಮೊದಲು ಹುಟ್ಟುವುದು ಗಿಟಾರಿನ ರಿಫ್. ಮಾತು ಆಮೇಲೆ, ಆ ತಾಳದ ಸಂದಿಯಲ್ಲಿ ತುರುಕುವುದು. ನಮ್ಮ ಸಿನಿಮಾದವರು ಟ್ಯೂನ್‌ಗೆ ಸಾಹಿತ್ಯ ಕೂರಿಸುತ್ತಾರಲ್ಲ, ಹಾಗೇ. ಆದರೆ ಬಸ್ಸಿಗಿಂತ ವೇಗದ ಟ್ಯೂನ್‌ಗೆ. ಒತ್ತು ಎಲ್ಲೋ ಬೀಳಬೇಕಾದದ್ದು ಇನ್ನೆಲ್ಲೋ ಬೀಳುತ್ತೆ.

ಹಾಡುವ ರೀತಿಯೂ ಅಷ್ಟೇ. ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಸಾಲಿನ ಕೊನೆಯ ಪದಕ್ಕೆ ಒಂದು 'ಆ' ಅಂಟಿಸುತ್ತಾನೆ. ಪ್ರಪಂಚದ ಮೆಟಲ್ ಅಭಿಮಾನಿಗಳೆಲ್ಲ ಅದನ್ನು ಅಣಕಿಸುತ್ತಾರೆ. ನನಗೆ ಮಾತ್ರ ಅದು ಕೇಳಿದ ದನಿಯೇ ಅನ್ನಿಸಿತ್ತು. ನಾವು ಬಸ್ಸಿಗೆ, ಕಾರಿಗೆ, ಪೆನ್ನಿಗೆ 'ಉ' ಅಂಟಿಸುವುದಿಲ್ಲವೇ? ವ್ಯಂಜನದಲ್ಲಿ ಮುಗಿದ ಪದ ಆ ಗದ್ದಲದಲ್ಲಿ ಸತ್ತುಹೋಗುತ್ತೆ, ಸ್ವರ ಸೇರಿಸಿದರೆ ದನಿ ಮುಂದಕ್ಕೆ ಹೋಗುತ್ತೆ. ಅವನು ಮಾಡಿದರೆ ಸ್ಟೈಲು, ನನ್ನ ಅಪ್ಪ "ಮೀಟಿಂಗು" ಅಂದರೆ ಹಳ್ಳಿ ಇಂಗ್ಲಿಷು.

ಮ್ಯೂಟ್‌ನಲ್ಲಿದ್ದ ಆ ವರ್ಷದ ಕೊನೆಗೆ ಒಂದು ಘಟನೆ ಆಯಿತು. ಒಂದು ಶುಕ್ರವಾರ ಕಾಲ್‌ನಲ್ಲಿ ಯಾವುದೋ ಬಗ್ ಬಗ್ಗೆ ಚರ್ಚೆ. ಒಂದೇ ಮೆಸೇಜ್ ಎರಡು ಸಲ ಹೋಗುತ್ತಿದೆ ಅಂತ ನನಗೆ ಲಾಗ್ ನೋಡಿದ ಕೂಡಲೇ ಗೊತ್ತಾಗಿತ್ತು. ಅದನ್ನು ಸರಿಯಾದ ಇಂಗ್ಲಿಷ್‌ನಲ್ಲಿ ಬರೆದು, ಅಳಿಸಿ, ಮತ್ತೆ ಬರೆಯುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿ ಕಾಲ್ ಮುಗಿದೇ ಹೋಯಿತು. ಬರೆದದ್ದನ್ನು ಕಳಿಸಲಿಲ್ಲ. ಯಾರಾದರೂ ಕಂಡುಹಿಡಿಯುತ್ತಾರೆ ಬಿಡು ಅಂದುಕೊಂಡೆ. ಕಂಡುಹಿಡಿದರು. ಮನೆಯಲ್ಲಿ ಎರಡು ವರ್ಷದ ಮಗು ಇದ್ದ ಸಹೋದ್ಯೋಗಿಯೊಬ್ಬರು ಶನಿವಾರ, ಭಾನುವಾರ ಎರಡೂ ದಿನ ಕೂತು ಕಂಡುಹಿಡಿದರು. ಸೋಮವಾರ ಅವರ ಮುಖ ನೋಡಲು ನನಗೆ ಆಗಲಿಲ್ಲ. ನನ್ನ ಮರ್ಯಾದೆ ಉಳಿಸಿಕೊಳ್ಳೋಕೆ ಅವರ ವಾರಾಂತ್ಯ ತಿಂದಿದ್ದೆ.

ಆ ದಿನಗಳಲ್ಲೇ ಸೆಪುಲ್ಟುರಾ ಬ್ಯಾಂಡ್‌ನ ಕಥೆ ಓದಿದ್ದು. ಬ್ರೆಜಿಲ್‌ನ ಬೆಲೊ ಹೊರಿಜಾಂಟೆ ಊರಿನ ಹುಡುಗರು. ಅವರ ಮೊದಲ ರೆಕಾರ್ಡ್ 1985ರಲ್ಲಿ ಬಂದಾಗ ಹಾಡುಗಾರ ಮ್ಯಾಕ್ಸ್ ಕವಲೇರಾಗೆ 16 ವರ್ಷ, ಡ್ರಮ್ಸ್ ಬಾರಿಸುವ ತಮ್ಮ ಇಗೋರ್‌ಗೆ 15. ಮನೆಮಾತು ಪೋರ್ಚುಗೀಸ್. ಬ್ಯಾಂಡ್‌ನ ಹೆಸರೇ ಅನುವಾದದಿಂದ ಹುಟ್ಟಿದ್ದು: ಮೋಟರ್‌ಹೆಡ್‌ನ ಒಂದು ಹಾಡನ್ನು ಪೋರ್ಚುಗೀಸ್‌ಗೆ ತರುವಾಗ ಸಿಕ್ಕ ಪದ, ಸಮಾಧಿ ಅಂತ ಅರ್ಥ. ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಆದರೂ ಡಿಕ್ಷನರಿ ಇಟ್ಟುಕೊಂಡು ಪದಕ್ಕೆ ಪದ ಇಟ್ಟು ಇಂಗ್ಲಿಷ್‌ನಲ್ಲೇ ಹಾಡು ಬರೆದರು. ಅಂದರೆ ನನ್ನ ಸರ್ವರ್ ತಲೆ ಎತ್ತದ ವಿಧಾನದಲ್ಲೇ.

ಆ ಹಳೆಯ ಹಾಡುಗಳನ್ನು ಮತ್ತೆ ಕೇಳಿದೆ. ಸಾಹಿತ್ಯ ಈಗಲೂ ನಗು ಬರಿಸುತ್ತೆ, ಸುಳ್ಳು ಯಾಕೆ ಹೇಳಲಿ. ಸೈತಾನ, ಶಾಪ, ಯುದ್ಧ, ಹೆಣ ಎಲ್ಲ ಒಂದರ ಮೇಲೊಂದು ಪೇರಿಸಿಟ್ಟ ಹಾಗಿದೆ. ವ್ಯಾಕರಣ ದಿಕ್ಕಾಪಾಲು. ಆದರೆ ಆ ದನಿಯಲ್ಲಿ "ಇದು ಸರಿನಾ?" ಅಂತ ಕೇಳುವ ಅಳುಕು ಎಲ್ಲೂ ಇಲ್ಲ.

ಅವರು ತಪ್ಪನ್ನೇ ಹೆಮ್ಮೆ ಅಂದುಕೊಂಡು ಕೂರಲಿಲ್ಲ ಅನ್ನುವುದೂ ಮುಖ್ಯ. 1989ರ 'ಬಿನೀತ್ ದಿ ರಿಮೇನ್ಸ್' ಆಲ್ಬಮ್ ಹೊತ್ತಿಗೆ ಒಂದು ಹಾಡಿನ ಸಾಹಿತ್ಯವನ್ನು ಅಮೆರಿಕದ ಎಥಿಯಿಸ್ಟ್ ಬ್ಯಾಂಡ್‌ನ ಕೆಲ್ಲಿ ಶೇಫರ್ ಕೈಲಿ ಬರೆಸಿದರು. 1993ರ 'ಕೇಯಾಸ್ ಎ.ಡಿ.' ಬರುವಾಗ ಸಾಲುಗಳು ಗಿಡ್ಡವಾಗಿ, ಗಟ್ಟಿಯಾದವು. ಅದರ ಮೊದಲ ಹಾಡಿನ ಹೆಸರು ಬರೀ ಎರಡು ಕ್ರಿಯಾಪದ: 'ರಿಫ್ಯೂಸ್/ರೆಸಿಸ್ಟ್'. 1996ರ 'ರೂಟ್ಸ್' ಹೊತ್ತಿಗೆ ಜಗತ್ತೇ ಕೇಳುತ್ತಿತ್ತು. ಆಗ 'ರಟಮಹಟ್ಟ' ಹಾಡಿನಲ್ಲಿ ಪೋರ್ಚುಗೀಸನ್ನೂ ಧಾರಾಳವಾಗಿ ಬಳಸಿದರು. ಇಂಗ್ಲಿಷ್ ಪೂರ್ತಿ ಕಲಿತ ಮೇಲೆ ಹಾಡೋಣ ಅಂತ 1985ರಲ್ಲಿ ಕಾದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಕವಲೇರಾ ಸಹೋದರರು 2023ರಲ್ಲಿ ಆ ಮೊದಲ ಹಾಡುಗಳನ್ನೇ ಮತ್ತೆ ರೆಕಾರ್ಡ್ ಮಾಡಿದರು. ನಾಚಿಕೆ ಇದ್ದವರು ಮಾಡುವ ಕೆಲಸ ಅದಲ್ಲ.

ಮುಂದಿನ ವಾರದ ಕಾಲ್‌ನಲ್ಲಿ ಮ್ಯೂಟ್ ತೆಗೆದೆ. ಎದೆ ಡಬಲ್ ಬೇಸ್ ಬಾರಿಸುತ್ತಿತ್ತು. ಎರಡು ವಾಕ್ಯ ಹೇಳಿದೆ, ಎರಡನೆಯದರಲ್ಲಿ ಕ್ರಿಯಾಪದ ಬಿದ್ದುಹೋಯಿತು. ಯಾರೋ ಒಬ್ಬರು ಹಳೇ ಸ್ಟಿಕ್ಕರ್ ಹಾಕಿದರು. ಆದರೆ ನಾನು ಹೇಳಿದ ಫೈಲ್ ತೆರೆದು ನೋಡಿದರು. ತಪ್ಪು ಅಲ್ಲೇ ಇತ್ತು. ಆ ಸಹೋದ್ಯೋಗಿಗೆ ಹಿಂದಿನ ವಾರದ ವಿಷಯ ಹೇಳಿ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ಮೇಲೆ ಕನ್ನಡದಲ್ಲಾದ್ರೂ ಹೇಳಿಬಿಡು ಮಾರಾಯ" ಅಂದರು. ನನ್ನ ಇಂಗ್ಲಿಷ್ ಈಗ ಸುಧಾರಿಸಿದೆ, ಮಾತಾಡಿ ಮಾತಾಡಿ.

ಹೋದ ತಿಂಗಳು ಅಮ್ಮನನ್ನು ಊರಿಗೆ ಕರೆದುಕೊಂಡು ಹೋಗುವಾಗ ಕಾರಿನಲ್ಲಿ ತಪ್ಪಿ ಸೆಪುಲ್ಟುರಾ ಹಾಡು ಬಂತು.

"ಏನು ಹೇಳ್ತಾ ಇದಾನೋ ಅವನು?"

"ಇಂಗ್ಲಿಷು ಅಮ್ಮ. ಆಗ ಅವನಿಗೂ ಸರಿಯಾಗಿ ಬರ್ತಿರಲಿಲ್ಲ."

ಅಮ್ಮ ಸ್ವಲ್ಪ ಹೊತ್ತು ಕೇಳಿದಳು. "ಯಕ್ಷಗಾನದ ಬಣ್ಣದ ವೇಷ ಆರ್ಭಟ ಕೊಟ್ಟ ಹಾಗಿದೆ. ಅದಕ್ಕೆಲ್ಲ ಯಾರು ಅರ್ಥ ಕೇಳ್ತಾರೆ? ವಾಲ್ಯೂಮ್ ಮಾತ್ರ ಸ್ವಲ್ಪ ಕಮ್ಮಿ ಮಾಡು."