ಅತ್ತೆಯ ಮಾತ್ರೆ, ಗೆಳೆಯರ ಮಾತ್ರೆ

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಬಳಿ ನನ್ನ ಸೋದರತ್ತೆಯ ಮನೆ. 2017ರಲ್ಲಿ ಅವರಿಗೆ 89 ವರ್ಷ. ಯುಗಾದಿಗೆ ಹೋದಾಗ ಅವರ ಮುಂಗೈ ತುಂಬ ನೀಲಿ ಕಲೆಗಳು. ಕೇಳಿದರೆ, "ನಂಗೇನಾಗದೆ, ಸುಮ್ಕಿರಪ್ಪ" ಎಂದು ಸೆರಗೆಳೆದುಕೊಂಡರು. ಎಂಟು ದಿನಗಳಲ್ಲಿ ಮಲ ಟಾರಿನಂತೆ ಕಪ್ಪಾಗಿ, ಎದ್ದು ನಿಲ್ಲಲಾರದೆ ಕುಸಿದರು.

ನಾಗಮಂಗಲದ ಕಡೆಯ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಅಲ್ಲಿಯ ತರುಣ ವೈದ್ಯರು ಮೊದಲು ಕೇಳಿದ್ದು ಮಾತ್ರೆಗಳ ಚೀಲವನ್ನು. ಅದರಲ್ಲಿ ದಿನಕ್ಕೊಂದು ಆಸ್ಪಿರಿನ್ ಇತ್ತು. ಹೃದಯದ ತೊಂದರೆ ಎಂದೂ ಇರದಿದ್ದ ಅತ್ತೆಗೆ, ವಯಸ್ಸಾಯಿತೆಂದು ಯಾರೋ ವೈದ್ಯರು ಬರೆದುಕೊಟ್ಟಿದ್ದರು. ಜೊತೆಗೆ ಮಂಡಿನೋವಿಗೆಂದು ಔಷಧಿ ಅಂಗಡಿಯಿಂದ ತಾವೇ ತರಿಸಿ ನುಂಗುತ್ತಿದ್ದ ಮಾತ್ರೆ ಬೇರೆ.

ಆಸ್ಪಿರಿನ್ ರಕ್ತವನ್ನು ತೆಳುಮಾಡುತ್ತದೆ ಎನ್ನುವುದು ನಮ್ಮ ವಾಡಿಕೆಯ ಮಾತು. ವಾಸ್ತವದಲ್ಲಿ ಅದು ಪ್ಲೇಟ್‌ಲೆಟ್‌ಗಳು, ಅಂದರೆ ರಕ್ತದ ಕಿರುತಟ್ಟೆಗಳು, ಗಾಯದ ಬಾಯಿಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಡೆಯುತ್ತದೆ. ಈ ಕಿರುತಟ್ಟೆಗೆ ಕೋಶಕೇಂದ್ರವಿಲ್ಲ. ಕಟ್ಟಿಹೋದ ಕಿಣ್ವವನ್ನು ಹೊಸದಾಗಿ ತಯಾರಿಸಿಕೊಳ್ಳಲಾರದು. ಆದ್ದರಿಂದ ಒಮ್ಮೆ ಆಸ್ಪಿರಿನ್ ತಗುಲಿದರೆ ತನ್ನ ಏಳು-ಹತ್ತು ದಿನಗಳ ಆಯುಷ್ಯವೆಲ್ಲ ಹಾಗೆಯೇ. ಇತ್ತ ಅದೇ ಮಾತ್ರೆ ಜಠರದ ಒಳಪೊರೆಯನ್ನೂ ಸವೆಸುತ್ತದೆ, ನೋವಿನ ಮಾತ್ರೆ ಅದಕ್ಕೆ ಕೈಜೋಡಿಸುತ್ತದೆ. ಹುಣ್ಣಾದಾಗ ಮುಚ್ಚಬೇಕಾದ ಪಡೆ ನಿಷ್ಕ್ರಿಯ. ಎರಡು ಬಾಟಲಿ ರಕ್ತ ಕೊಟ್ಟು, ಎರಡೂ ಮಾತ್ರೆ ನಿಲ್ಲಿಸಿದ ಮೇಲೆ ಅತ್ತೆ ಚೇತರಿಸಿಕೊಂಡರು.

ಮರುವರ್ಷ, 2018ರ ಸೆಪ್ಟೆಂಬರಿನಲ್ಲಿ, ಆಸ್ಪ್ರೀ ಎಂಬ ಅಧ್ಯಯನದ ಸುದ್ದಿ ಬಂದಿತು. ಆಸ್ಟ್ರೇಲಿಯ ಮತ್ತು ಅಮೆರಿಕದ 19,114 ಮಂದಿ ಹಿರಿಯರು, ಹೆಚ್ಚಿನವರು 70 ದಾಟಿದವರು. ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ತಿಂದವರಿಗೆ ಆರೋಗ್ಯದ ಆಯುಷ್ಯವೇನೂ ಹೆಚ್ಚಲಿಲ್ಲ. ತೀವ್ರ ರಕ್ತಸ್ರಾವ ಮಾತ್ರ ನೂರಕ್ಕೆ 2.8ರಿಂದ 3.8ಕ್ಕೆ ಏರಿತ್ತು. ಅತ್ತೆಯ ಸಂಕಟ ಕಣ್ಣಾರೆ ಕಂಡಿದ್ದ ನನಗೆ ಗೆದ್ದಂತಾಯಿತು. ಶ್ರೀರಂಗಪಟ್ಟಣದ ಸ್ನಾನಘಟ್ಟದ ಮೆಟ್ಟಿಲ ಮೇಲೆ ಸೇರುವ ನಮ್ಮ ಗೆಳೆಯರ ಬಳಗಕ್ಕೆಲ್ಲ ಅದನ್ನು ಪಾಠದಂತೆ ಒಪ್ಪಿಸಿದೆ.

ಕೇಳಿದವರಲ್ಲಿ ಪಾಂಡವಪುರದ ಗೆಳೆಯರೊಬ್ಬರಿದ್ದರು, ನನ್ನಂತೆಯೇ ನಿವೃತ್ತ ಮೇಷ್ಟ್ರು. ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದ್ದರೆಂಬುದು ನನಗೆ ತಿಳಿದೇ ಇತ್ತು. ಅಂದಿನಿಂದಲೇ, ಯಾರಿಗೂ ಹೇಳದೆ, ಅವರು ಮಾತ್ರೆ ಬಿಟ್ಟರು. ಮೂರು ವಾರಗಳ ತರುವಾಯ ಮುಂಜಾನೆ ಎದೆ ಹಿಡಿದುಕೊಂಡಿತು. ಮೈಸೂರಿಗೆ ಒಯ್ದರು. ಸ್ಟೆಂಟಿನೊಳಗೇ ಹೆಪ್ಪುಗಟ್ಟಿತ್ತು.

ಮೊದಲೇ ಹೃದ್ರೋಗವಿದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಯೇ ಇರಲಿಲ್ಲ. ಪತ್ರಿಕೆಯ ಕೊನೆಯ ಪರಿಚ್ಛೇದದಲ್ಲಿ ಅದನ್ನು ಬರೆದಿದ್ದರು. ನಾನು ಅಲ್ಲಿಯವರೆಗೆ ಓದಿರಲಿಲ್ಲ. ಪ್ರಶ್ನೆಪತ್ರಿಕೆಯನ್ನು ಕಡೆಯವರೆಗೆ ಓದದ ಎಷ್ಟು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ! ಆಸ್ಪತ್ರೆಯ ಬಾಗಿಲಲ್ಲಿ ಅವರ ಶ್ರೀಮತಿಯವರಿಗೆ ನನ್ನ ತಪ್ಪನ್ನು ಹೇಳಿಕೊಂಡೆ. ಆಕೆ ಉತ್ತರಿಸಲಿಲ್ಲ. ಆ ಮೌನ ಇಂದಿಗೂ ನನ್ನ ಜೊತೆಗಿದೆ.

ಅತ್ತೆ 2022ರಲ್ಲಿ, 94ರ ವಯಸ್ಸಿನಲ್ಲಿ, ಆಸ್ಪಿರಿನ್ನಿನ ಹಂಗಿಲ್ಲದೆ ನಿದ್ದೆಯಲ್ಲೇ ಹೋದರು. ಗೆಳೆಯರು ದಿನವೂ ಅದನ್ನು ನುಂಗಿಕೊಂಡು ಬದುಕಿದ್ದಾರೆ. ಸ್ನಾನಘಟ್ಟದಲ್ಲಿ ನಾನು ಪತ್ರಿಕೆ ಬಿಚ್ಚಿದೊಡನೆ ಜುಬ್ಬದ ಜೇಬಿನಿಂದ ಮಾತ್ರೆಯ ಹಾಳೆ ತೆಗೆದು ಎತ್ತಿಹಿಡಿಯುತ್ತಾರೆ: "ಏನು ಮೇಷ್ಟ್ರೇ, ಇವತ್ತು ಕೊನೆಯವರೆಗೂ ಓದಿದಿರಾ?"