ಔಷಧಿ ಅಂತ ಮಾತ್ರ ಹೇಳ್ಬೇಡಿ

ನಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕ ಒಂದು ವೈನ್ ಸ್ಟೋರ್ಸ್ ಇದೆ. ಹೆಸರಿಗಷ್ಟೇ ವೈನ್. ಅಲ್ಲಿ ವೈನ್ ಕೇಳಿದವರನ್ನ ನಾನಂತೂ ನೋಡಿಲ್ಲ, ಎಲ್ರೂ ಕೇಳೋದು ಕ್ವಾರ್ಟರ್ರೇ. ನಿಜವಾದ ವೈನ್ ನನಗೆ ಪರಿಚಯ ಆಗಿದ್ದು ಬೆಂಗಳೂರಿನ ಟೀಮ್ ಡಿನ್ನರುಗಳಲ್ಲಿ. ಜೊತೆಗೇ ಕಿವಿಗೆ ಬಿದ್ದ ಮಂತ್ರ: 'ರೆಡ್ ವೈನ್ ಹಾರ್ಟ್‌ಗೆ ಒಳ್ಳೇದು ಗುರೂ!' ನೀವೂ ಕೇಳಿರ್ತೀರಿ. ಕ್ವಾರ್ಟರ್ ಕುಡಿಯೋನು ಕುಡುಕ, ವೈನ್ ಕುಡಿಯೋನು ಆರೋಗ್ಯದ ಕಾಳಜಿ ಇರೋನು.

ಈ ಮಂತ್ರ ನಮ್ಮೂರಿಗೂ ತಲುಪಿದೆ ಅಂತ ಗೊತ್ತಾಗಿದ್ದು ಅಮ್ಮನ ಫೋನ್ ಬಂದಾಗ. ಅಪ್ಪನಿಗೆ ಸ್ಟೆಂಟ್ ಹಾಕಿಸಿ ಆರು ತಿಂಗಳಾಗಿತ್ತು. ನೋಡೋಕೆ ಬಂದ ಭಾವ ಒಂದು ಬಾಟಲಿ ಕೈಗಿಟ್ಟು, 'ದಿನಾ ರಾತ್ರಿ ಅರ್ಧ ಲೋಟ ತಗೊಳ್ಳಿ ಮಾವ' ಅಂದು ಹೋಗಿದ್ರಂತೆ. ಅರವತ್ತೈದು ವರ್ಷ ಹೆಂಡ ಮುಟ್ಟದ ಮನುಷ್ಯ ನಮ್ಮಪ್ಪ. 'ಔಷಧಿನೇ ಆದ್ರೆ ಕುಡಿಸ್ತೀನಿ. ಏನ್ ಮಾಡ್ಲಪ್ಪ?' ಅಂದಳು ಅಮ್ಮ.

ಆ ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ. ಕತೆ ಶುರುವಾಗೋದು ಫ್ರಾನ್ಸಿನಿಂದ. ಬೆಣ್ಣೆ, ಚೀಸು ಧಾರಾಳವಾಗಿ ತಿನ್ನೋ ಫ್ರೆಂಚರಿಗೆ ಹೃದ್ರೋಗ ಕಡಿಮೆ ಯಾಕೆ ಅನ್ನೋ ಪ್ರಶ್ನೆಗೆ 'ಫ್ರೆಂಚ್ ಪ್ಯಾರಡಾಕ್ಸ್' ಅಂತ ಹೆಸರು. ರೆಡ್ ವೈನ್ ಕಾರಣ ಇರಬಹುದು ಅಂತ 1991ರಲ್ಲಿ ಅಮೆರಿಕದ '60 ಮಿನಿಟ್ಸ್' ಟೀವಿ ಕಾರ್ಯಕ್ರಮ ಹೇಳಿದ್ದೇ ತಡ, ಅಲ್ಲಿ ಅದರ ಮಾರಾಟ ಜಿಗಿಯಿತು. ಆಮೇಲೆ ಬಂದ ಹೀರೋ ರೆಸ್ವೆರಟ್ರಾಲ್, ದ್ರಾಕ್ಷಿ ಸಿಪ್ಪೆಯಲ್ಲಿರೋ ವಸ್ತು. ಸಿಪ್ಪೆ ಸಮೇತ ಹುದುಗಿಸೋದರಿಂದ ಅದು ರೆಡ್ ವೈನಿಗೂ ಇಳಿಯುತ್ತೆ. 2006ರ ಒಂದು ಪ್ರಯೋಗದಲ್ಲಿ, ಜಿಡ್ಡು ತಿನ್ನಿಸಿ ದಪ್ಪ ಮಾಡಿದ ಇಲಿಗಳು ಇದನ್ನ ತಿಂದು ಹೆಚ್ಚು ದಿನ ಬದುಕಿದವು.

ಸರಿ, ಲೆಕ್ಕ ಹಾಕೋಣ. ಆ ಇಲಿಗಳಿಗೆ ಕೊಟ್ಟಿದ್ದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 22 ಮಿಲಿಗ್ರಾಂ. ರೆಡ್ ವೈನಿನಲ್ಲಿ ಇರೋದು ಲೀಟರಿಗೆ ಸರಾಸರಿ 2 ಮಿಲಿಗ್ರಾಂ. 70 ಕಿಲೋ ಮನುಷ್ಯನಿಗೆ ದಿನಕ್ಕೆ ಸಾವಿರ ಬಾಟಲಿ! ಇಲಿಯ ಡೋಸನ್ನ ಮನುಷ್ಯನಿಗೆ ಇಳಿಸುವಾಗ 12ರಿಂದ ಭಾಗಿಸ್ತಾರೆ. ಹಾಗೆ ಮಾಡಿದರೂ 80 ದಾಟುತ್ತೆ. ಇಟಲಿಯ ಕಿಯಾಂಟಿ ವೈನ್ ಸೀಮೆಯಲ್ಲಿ ಸುಮಾರು 800 ಹಿರಿಯರನ್ನ 9 ವರ್ಷ ಗಮನಿಸಿ 2014ರಲ್ಲಿ ಬಂದ ಅಧ್ಯಯನದಲ್ಲೂ, ಮೈಯಲ್ಲಿ ರೆಸ್ವೆರಟ್ರಾಲ್ ಹೆಚ್ಚಿದ್ದವರಿಗೆ ಹೃದ್ರೋಗವಾಗಲಿ ಸಾವಾಗಲಿ ಕಡಿಮೆ ಆಗಿರಲಿಲ್ಲ.

ಹಾಗಾದ್ರೆ 'ಸ್ವಲ್ಪ ಕುಡಿಯೋರು ಕುಡಿಯದೋರಿಗಿಂತ ಗಟ್ಟಿ' ಅನ್ನೋ ಹಳೇ ಸಮೀಕ್ಷೆಗಳು? ಅದು ಅರ್ಥವಾಗಿದ್ದು ನಮ್ಮ ಚಿಕ್ಕಪ್ಪನಿಂದ. ಪ್ಯಾಕೆಟ್ ಸಾರಾಯಿಯಲ್ಲಿ ಶುರು ಮಾಡಿದವನು, 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದ ಮೇಲೆ ಕ್ವಾರ್ಟರ್‌ಗೆ ಬಂದ. ಲಿವರ್ ಕೆಟ್ಟು ಡಾಕ್ಟ್ರು ಬೈದ ಮೇಲೆ ಪೂರ್ತಿ ಬಿಟ್ಟ. ಬಿಟ್ಟು ಒಂದೂವರೆ ವರ್ಷಕ್ಕೆ ತೀರಿಕೊಂಡ. ಆ ದಿನಗಳಲ್ಲಿ ಯಾರಾದ್ರೂ ಸಮೀಕ್ಷೆಗೆ ಬಂದಿದ್ರೆ ಅವನನ್ನ 'ಕುಡಿಯದವನು' ಅಂತಲೇ ಬರ್ಕೊಳ್ತಿದ್ರು! ಕಾಯಿಲೆ ಬಂದು ಬಿಟ್ಟವರೂ ಕುಡಿಯದವರ ಸಾಲಿಗೆ ಸೇರಿದರೆ, ಆ ಸಾಲು ಸೊರಗಿ ಕಾಣದೆ ಇನ್ನೇನು? ಜೊತೆಗೆ ಆಲ್ಕೋಹಾಲು ಕ್ಯಾನ್ಸರ್ ತರುತ್ತೆ ಅನ್ನೋದರಲ್ಲಿ ಅನುಮಾನವಿಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನೋ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ಬೆಳಿಗ್ಗೆ ಅಮ್ಮನಿಗೆ ಬೇಡ ಅಂದೆ. ಅಪ್ಪ ರಕ್ತ ತೆಳು ಮಾಡೋ ಗುಳಿಗೆ ಬೇರೆ ನುಂಗ್ತಾರೆ, ಅದರ ಮೇಲೆ ಇದು ಸೇರಿದ್ರೆ ರಕ್ತಸ್ರಾವದ ಭಯ. 'ಅಳಿಯಂದ್ರು ತಂದಿದ್ದನ್ನ ಹೆಂಗಪ್ಪ ವಾಪಸ್ ಕೊಡೋದು?' ಅಂತ ಅಮ್ಮನ ಸಂಕಟ. ಕೊನೆಗೆ ಭಾವನಿಗೆ ನಾನೇ ಫೋನ್ ಮಾಡಿದೆ.

'ನಾನೇನ್ ವಿಷ ಕೊಟ್ನಾ?' ಅಂದ್ರು.

'ರುಚಿಗೆ ಅಂತ ನೀವು ಕುಡೀರಿ ಭಾವ, ನಾನು ಕೇಳಲ್ಲ. ಔಷಧಿ ಅಂದುಬಿಟ್ರೆ ಮಾತ್ರ ಕುಡಿಯದೋರೂ ಶುರು ಮಾಡ್ತಾರೆ. ನಿಮ್ಮ ಮಾತಂದ್ರೆ ಅಪ್ಪನಿಗೆ ಡಾಕ್ಟ್ರ ಮಾತಿಗಿಂತ ಹೆಚ್ಚು.'

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ, 'ಆಯ್ತು ಬಿಡು. ಮುಂದಿನ ಸಲ ದ್ರಾಕ್ಷಿನೇ ತರ್ತೀನಿ, ಅದಕ್ಕೂ ಲೆಕ್ಕ ಹಾಕ್ಬೇಡ' ಅಂದ್ರು.